ಕ್ಯಾಂಪಿಂಗ್‌ಗೆ ಪಿಕಪ್ ಜೋಡಿಸುವುದು ಹೇಗೆ? ಭಾರಕ್ಕೊಂದು ಜಾಗ, ಅವಸರಕ್ಕೊಂದು ಜಾಗ

ಪುಣೆಯಿಂದ ಶುಕ್ರವಾರ ಕೆಲಸ ಮುಗಿಸಿ ಹೊರಟವರು ಪವನಾ ಜಲಾಶಯದ ದಡವನ್ನೋ ಭಂಡಾರದರಾವನ್ನೋ ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಕತ್ತಲಾಗಿರುತ್ತದೆ, ಜೂನ್ ನಂತರವಾದರೆ ಮಳೆಯೂ ಇರುತ್ತದೆ. ಆಗ ಮೊದಲು ಬೇಕಾಗುವುದು ಟಾರ್ಚು, ತಾಡಪತ್ರಿ ಮತ್ತು ಟೆಂಟು. ಇವು ಪಾತ್ರೆ, ಹಾಸಿಗೆಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ ಎಲ್ಲವನ್ನೂ ಕೆಳಗಿಳಿಸಿ ನೆನೆಸಬೇಕಾಗುತ್ತದೆ. ಆದ್ದರಿಂದ ಪಿಕಪ್‌ನ ಹಿಂದಿನ ಬಾಡಿಯನ್ನು ಜೋಡಿಸುವಾಗ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳಬೇಕು: ಯಾವುದು ಭಾರವಾದದ್ದು, ಯಾವುದು ಮೊದಲು ಬೇಕಾದದ್ದು?

ಮೊದಲಿಗೆ ತೂಕದ ಲೆಕ್ಕ. ಆರ್‌ಸಿಯಲ್ಲಿ ನಮೂದಾಗಿರುವ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ನೀವು ಹೇರಬಹುದಾದ ಭಾರ ಸಿಗುತ್ತದೆ. ಕ್ಯಾಬಿನ್‌ನಲ್ಲಿ ಕುಳಿತವರ ತೂಕವೂ ಅದರೊಳಗೇ ಸೇರಿದೆ ಎಂಬುದನ್ನು ಅನೇಕರು ಮರೆಯುತ್ತಾರೆ. 20 ಲೀಟರ್‌ನ ಎರಡು ನೀರಿನ ಕ್ಯಾನುಗಳೇ 40 ಕಿಲೋ ದಾಟುತ್ತವೆ. 18 ಮಿ.ಮೀ. ದಪ್ಪದ, 8×4 ಅಡಿಯ ಒಂದು ಪ್ಲೈವುಡ್ ಹಾಳೆ 35 ಕಿಲೋದ ಆಸುಪಾಸಿನಲ್ಲಿರುತ್ತದೆ. ಗಟ್ಟಿಯಾಗಿರಲಿ ಎಂದು, ಸಾಮಾನಿಗಾಗಿ ಬಾಡಿಯಲ್ಲಿ ಕೂರಿಸುವ ಇಡೀ ಡ್ರಾಯರ್ ಪೆಟ್ಟಿಗೆಯನ್ನು ದಪ್ಪ ಹಲಗೆಯಲ್ಲೇ ಮಾಡಿಸಿದರೆ, ಸಾಮಾನು ಇಡುವ ಮೊದಲೇ ಸಾಮರ್ಥ್ಯದ ಒಂದು ಪಾಲು ಖರ್ಚಾಗಿರುತ್ತದೆ.

ನಂತರ ಅಳತೆ. ಎರಡು ಸಾಲು ಸೀಟುಗಳ ಡಬಲ್ ಕ್ಯಾಬ್ ಪಿಕಪ್‌ಗಳ ಬಾಡಿ ಸುಮಾರು 5 ಅಡಿ ಉದ್ದವಿರುತ್ತದೆ, ಆದರೆ ಚಕ್ರಗಳ ಮೇಲಿನ ಉಬ್ಬುಗಳ ನಡುವೆ ಅಗಲ ಸಾಕಷ್ಟು ಕಡಿಮೆಯಾಗುತ್ತದೆ. ಡ್ರಾಯರ್ ಪೆಟ್ಟಿಗೆಯ ಅಗಲವನ್ನು ಈ ಇಕ್ಕಟ್ಟಾದ ಜಾಗಕ್ಕೆ ಹೊಂದಿಸಿ, ಉಬ್ಬುಗಳ ಹಿಂದೆ ಮುಂದೆ ಉಳಿಯುವ ಮೂಲೆಗಳನ್ನು ಹಗ್ಗ, ಟೆಂಟಿನ ಮೊಳೆ, ಜಾಕ್, ಗಾಳಿ ತುಂಬುವ ಪಂಪಿನಂಥ ಸಣ್ಣ ವಸ್ತುಗಳಿಗೆ ಬಿಟ್ಟುಕೊಡುವುದು ಒಳ್ಳೆಯದು.

ಡ್ರಾಯರ್ ಕೆಲಸಕ್ಕೆ ಬೇಕಾದ ಹಲಗೆ ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಐಎಸ್ 710 ಗುರುತಿನ, ನೀರು ತಾಳುವ ಮರೈನ್ ಪ್ಲೈವುಡ್ಡನ್ನೇ ಕೇಳಿ ಪಡೆಯಿರಿ. ಪೆಟ್ಟಿಗೆಯ ಮೇಲ್ಹಾಸಿನ ಹಲಗೆಗೆ 18 ಮಿ.ಮೀ., ಡ್ರಾಯರಿನ ಬದಿಗಳಿಗೆ 12 ಮಿ.ಮೀ. ಸಾಕು. ನೀರು ಮುಖ್ಯವಾಗಿ ಒಳನುಗ್ಗುವುದು ಕತ್ತರಿಸಿದ ಅಂಚುಗಳಿಂದಾದ್ದರಿಂದ, ಜೋಡಿಸುವ ಮೊದಲೇ ಪ್ರತಿಯೊಂದು ಅಂಚಿಗೂ ತಿರುಪಿನ ರಂಧ್ರಗಳಿಗೂ ಎರಡು ಸಲ ವಾರ್ನಿಷ್ ಹಚ್ಚುವಂತೆ ಬಡಗಿಗೆ ಹೇಳಬೇಕು. ಚಾನೆಲ್‌ಗಳ (ಡ್ರಾಯರು ಜಾರುವ ಹಳಿಗಳ) ವಿಷಯದಲ್ಲಿ ಜಿಪುಣತನ ಬೇಡ. ಅಡುಗೆಮನೆಗೆ ಹಾಕುವ ಚಾನೆಲ್ ನಿಂತಲ್ಲೇ ಭಾರ ಹೊರಲು ಮಾಡಿದ್ದು, ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕಲ್ಲ. ಆದ್ದರಿಂದ ನೀವು ಇಡುವ ತೂಕದ ಎರಡರಷ್ಟನ್ನು ತಾಳುವಂಥದ್ದನ್ನೇ ಕೊಳ್ಳಿರಿ. ಜೊತೆಗೆ ಪ್ರತಿ ಡ್ರಾಯರಿಗೂ ಚಿಲಕ ಇರಲೇಬೇಕು, ಏಕೆಂದರೆ ಘಾಟಿ ಏರುವಾಗ ತುಂಬಿದ ಡ್ರಾಯರಿನ ಭಾರವೆಲ್ಲ ಹಿಂಬಾಗಿಲಿನ ಮೇಲೆ ಬೀಳುತ್ತದೆ. ಇಡೀ ಪೆಟ್ಟಿಗೆಯನ್ನು ಬೋಲ್ಟ್‌ಗಳಿಂದ ಕೂಡಿಸಿದರೆ ಮನೆ ಸಾಗಿಸುವ ದಿನ ಬಿಚ್ಚಿಡಬಹುದು.

ಈಗ ತುಂಬುವ ಕ್ರಮ. ಹಿಂದಿನ ಚಕ್ರಗಳ ಅಚ್ಚಿಗಿಂತ ಹಿಂದೆ ಭಾರ ಹೆಚ್ಚಿದರೆ ಮುಂದಿನ ಚಕ್ರಗಳ ಮೇಲಿನ ಒತ್ತಡ ತಗ್ಗಿ ಸ್ಟಿಯರಿಂಗ್ ಹಿಡಿತ ಸಡಿಲವಾಗುತ್ತದೆ. ಖಂಬಾಟಕಿಯಂಥ ಘಾಟಿಯ ತಿರುವುಗಳಲ್ಲಿ ಇದು ಅಪಾಯಕಾರಿ. ಆದ್ದರಿಂದ ನೀರಿನ ಕ್ಯಾನು, ಬ್ಯಾಟರಿ, ಉಪಕರಣಗಳ ಪೆಟ್ಟಿಗೆ ಇವು ಕ್ಯಾಬಿನ್‌ಗೆ ಒತ್ತಿಕೊಂಡು, ನೆಲಮಟ್ಟದಲ್ಲಿ, ಎಡ ಬಲ ಸಮನಾಗಿ ಇರಲಿ. ಭಾರವಾದರೂ ಮೇಲಿಂದ ಮೇಲೆ ಬೇಕಾಗುವ ನೀರಿಗೆ ಒಂದು ಉಪಾಯವಿದೆ: ಕ್ಯಾನನ್ನು ಮುಂದೆಯೇ ಇಟ್ಟು, ಅದರಿಂದ ಹಿಂಬಾಗಿಲಿನವರೆಗೆ ಕೊಳವೆ ಎಳೆದು ಕೈಪಂಪೋ ಚಿಕ್ಕ ವಿದ್ಯುತ್ ಪಂಪೋ ಹಾಕಿದರೆ ಕ್ಯಾನನ್ನು ಎತ್ತುವ ಪ್ರಶ್ನೆಯೇ ಬರುವುದಿಲ್ಲ. ಡ್ರಾಯರುಗಳಲ್ಲಿ ಒಂದು ಅಡುಗೆಗೆ, ಇನ್ನೊಂದು ಟೆಂಟು, ತಾಡಪತ್ರಿ, ದೀಪಗಳಿಗೆ. ಹಾಸಿಗೆ, ಬಟ್ಟೆಗಳು ಮೇಲ್ಹಾಸಿನ ಮೇಲಿರಲಿ. ನಮ್ಮ ಮನೆಗಳಿಂದ ಹೊರಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಕೆಡದೆ ನಾಲ್ಕು ದಿನ ಉಳಿಯುತ್ತವೆ, ಆದರೆ ತೇವ ತಾಗಿದರೆ ಮೆತ್ತಗಾಗುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಅವನ್ನೂ ಮೇಲೆಯೇ ಇಡಬೇಕು.

ಗ್ಯಾಸ್ ಸಿಲಿಂಡರ್ ಬಗ್ಗೆ ವಿಶೇಷ ಎಚ್ಚರ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಮೇಲೇರದೆ ನೆಲಮಟ್ಟದಲ್ಲೇ ತಂಗುತ್ತದೆ. 5 ಕಿಲೋದ ಚಿಕ್ಕ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಬೆಲ್ಟಿನಿಂದ ಕಟ್ಟಿ, ರೆಗ್ಯುಲೇಟರ್ ತೆಗೆದು, ಸುರಕ್ಷತಾ ಮುಚ್ಚಳ ಹಾಕಿ ಒಯ್ಯಬೇಕು. ಬಾಡಿಯ ಮೇಲೆ ಕ್ಯಾನೊಪಿ (ಮುಚ್ಚಿಗೆ) ಇದ್ದರೆ ಗಾಳಿಕಿಂಡಿ ಕೆಳಭಾಗದಲ್ಲೂ ಇರಬೇಕು. ಮೇಲೊಂದೇ ಕಿಂಡಿಯಿದ್ದರೆ ಸಾಲದು. ಬ್ಯಾಟರಿಯನ್ನೂ ಸಿಲಿಂಡರನ್ನೂ ಒಂದೇ ಮೂಲೆಯಲ್ಲಿಡಬೇಡಿ.

ಸಹ್ಯಾದ್ರಿಯ ಮಳೆಯಲ್ಲಿ ಹಿಂಬಾಗಿಲಿನ ಸಂದಿನಿಂದ ನೀರು ಬಂದೇ ಬರುತ್ತದೆ. ಪೆಟ್ಟಿಗೆಯ ಅಡಿಗೆ ಒಂದಿಂಚಿನ ರೀಪುಗಳನ್ನು ಉದ್ದುದ್ದವಾಗಿ ಜೋಡಿಸಿದರೆ ನೀರು ಹರಿದು ಬಾಡಿಯ ರಂಧ್ರಗಳಿಂದ ಹೊರಹೋಗುತ್ತದೆ. ಆ ರಂಧ್ರಗಳನ್ನು ಕೆಸರು ಮುಚ್ಚದಂತೆ ನೋಡಿಕೊಳ್ಳಿ. ನೆನೆದ ಟೆಂಟಿಗೆ ವಾಪಸು ಬರುವಾಗ ಪ್ರತ್ಯೇಕ ರಬ್ಬರ್ ಚೀಲವಿರಲಿ.

ಕೊನೆಯದಾಗಿ ಕಟ್ಟುವ ಕೆಲಸ. ಡ್ರಾಯರ್ ಪೆಟ್ಟಿಗೆಯನ್ನು ಬಾಡಿಯ ನಾಲ್ಕೂ ಕೊಂಡಿಗಳಿಗೆ ರ‍್ಯಾಚೆಟ್ ಬೆಲ್ಟಿನಿಂದ (ಹಿಡಿಕೆ ಆಡಿಸಿ ಬಿಗಿಸುವ ಪಟ್ಟಿ) ಬಿಗಿದು, ಮೇಲಿನ ಹಗುರ ಸಾಮಾನಿಗೆ ಬಲೆ ಹಾಕಬೇಕು. ಟೆಂಟಿನ ಉದ್ದನೆಯ ಕಂಬಗಳು ಹಿಂಬಾಗಿಲಿನಾಚೆ ಚಾಚದಿರಲಿ: ಅನುಮತಿಸಿದ ಮಿತಿ ಮೀರಿ ಹೊರಚಾಚಿದ ಸರಕಿಗೆ 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆಯ ಕಲಂ 194 ರೂ. 20,000 ದಂಡ ವಿಧಿಸುತ್ತದೆ. ಹೊಸ ಬೆಲ್ಟುಗಳು ಮೊದಲ ಕುಲುಕಾಟದಲ್ಲಿ ಸಡಿಲಗೊಳ್ಳುತ್ತವೆ. ದಾಂಡೇಲಿಯ ಕಡೆಗೆ ಹೊರಟವರು ಪುಣೆಯಂಚಿನ ಕಾತ್ರಜ್ ದಾಟಿದ ಮೇಲೆ ಮೊದಲ ಚಹಾಕ್ಕೆ ನಿಂತಾಗಲೇ ಎಲ್ಲ ಬೆಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ಮುಂದೆ ಸಾಗಬೇಕು.