ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ಆನೆ

ಅರಸೀಕೆರೆಯಲ್ಲಿ ನಮ್ಮದೊಂದು ಜೆರಾಕ್ಸ್ ಅಂಗಡಿ. ತಾಲ್ಲೂಕು ಕಚೇರಿಗೆ ಬರುವವರೇ ಗಿರಾಕಿಗಳು. ಪಹಣಿ, ಆಧಾರ್, ರೇಷನ್ ಕಾರ್ಡು, ಮಕ್ಕಳ ಟಿ.ಸಿ., ಏನೇ ಇರಲಿ ಹಾಳೆಗೆ ಎರಡು ರೂಪಾಯಿ. ಸಂಜೆ ಗಲ್ಲಾಪೆಟ್ಟಿಗೆ ಎತ್ತಿದರೆ ಕೈ ಜಗ್ಗುತ್ತಿತ್ತು. ಸುರಿದು ನೋಡಿದರೆ ಮುಕ್ಕಾಲು ಪಾಲು ಎರಡು ರೂಪಾಯಿಯ ನಾಣ್ಯಗಳೇ. ಅವನ್ನು ಇಪ್ಪತ್ತೈದರಂತೆ ಜೋಡಿಸಿ, ಹಳೇ ಪೇಪರಿನಲ್ಲಿ ಐವತ್ತು ರೂಪಾಯಿಯ ಸುರುಳಿ ಕಟ್ಟುವುದು ಮದುವೆಯಾಗಿ ಬಂದ ಹೊಸತರಲ್ಲೇ ನನ್ನ ಪಾಲಿಗೆ ಬಂದ ಕೆಲಸ. ಎಷ್ಟು ವರ್ಷ ಆ ಕೆಲಸ ಮಾಡಿದೆನೋ, ಒಂದು ನಾಣ್ಯವನ್ನೂ ನೋಡಿರಲಿಲ್ಲ. ಅಂಕಿ ಕಂಡರೆ ಸಾಕು, ಸುರುಳಿಗೆ ಸೇರಿಸುವುದು.

ಒಂದು ದಿನ ಡ್ರಾಯಿಂಗ್ ಹಾಳೆ ತೆಗೆದುಕೊಂಡು ಹೋದ ಹುಡುಗ ಐದೇ ನಿಮಿಷಕ್ಕೆ ವಾಪಸ್ ಬಂದ. "ಆಂಟಿ, ಇದು ಆಟದ ದುಡ್ಡು. ಬೇರೆ ಕೊಡಿ" ಅಂತ ನಾನು ಕೊಟ್ಟಿದ್ದ ಚಿಲ್ಲರೆಯಲ್ಲಿ ಒಂದನ್ನು ಮೇಜಿನ ಮೇಲಿಟ್ಟ. ತಿರುಗಿಸಿ ನೋಡಿದೆ. ಭಾರತದ ನಕ್ಷೆ, ಬಾವುಟ ಇರಬೇಕಾದ ಕಡೆ ಒಂದು ಆನೆ. ಅದೂ ಕಾಡಾನೆಯಲ್ಲ, ಅಂಬಾರಿ ಆನೆಯೂ ಅಲ್ಲ. ಕೈಯಲ್ಲಿ ಲಾಂದ್ರ ಹಿಡಿದು ನಿಂತ ಗಾರ್ಡ್ ಆನೆ! ಹುಡುಗನಿಗೆ ಬೇರೆ ನಾಣ್ಯ ಕೊಟ್ಟು ಕಳಿಸಿ, ಒಳಗೆ ಕೂತಿದ್ದ ನಮ್ಮ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ನಾಣ್ಯವನ್ನು ಮೂಗಿನ ಹತ್ತಿರ ತಂದು ನಕ್ಕರು. "ಇದು ಭೋಲು ಕಣಮ್ಮ. ರೈಲ್ವೆಯವರ ಆನೆ."

1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತಲ್ಲ, ಅದಕ್ಕೆ 150 ವರ್ಷ ತುಂಬಿದ ನೆನಪಿಗೆ 2003ರಲ್ಲಿ ಹೊರಟ ನಾಣ್ಯ ಅದು. ಜಂಕ್ಷನ್ನಿನಿಂದಲೇ ಹೊಟ್ಟೆ ಹೊರೆದುಕೊಳ್ಳುವ ಊರಿನಲ್ಲಿ ಕೂತು, ರೈಲಿನ ನಾಣ್ಯವನ್ನೇ ಅದೆಷ್ಟು ಸಲ ಪೇಪರಿನಲ್ಲಿ ಸುತ್ತಿ ಬ್ಯಾಂಕಿಗೆ ಕಳಿಸಿದ್ದೆನೋ. ಅವತ್ತು ರಾತ್ರಿ ಕಟ್ಟಿಟ್ಟ ಸುರುಳಿಗಳನ್ನೆಲ್ಲ ಬಿಚ್ಚಿ ತಟ್ಟೆಗೆ ಸುರಿದೆ.

ಆಮೇಲೆ ದಿನಾ ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಇದೇ ಕೆಲಸ. ಮೊದಮೊದಲು ಒಂದೊಂದನ್ನೇ ಎತ್ತಿ ನೋಡಿ ಕತ್ತು ನೋಯಿಸಿಕೊಂಡೆ. ಹಾಳಾದ ಸ್ಪೀಕರಿನಿಂದ ಕಿತ್ತಿಟ್ಟಿದ್ದ ಅಯಸ್ಕಾಂತವೊಂದು ಮನೆಯಲ್ಲಿ ಬಿದ್ದಿತ್ತು. ಅದನ್ನು ಒಮ್ಮೆ ತಟ್ಟೆಯ ಮೇಲೆ ಆಡಿಸಿದಾಗ ದಾರಿ ಸುಲಭವಾಯಿತು. 2005ರಿಂದೀಚಿನ ಎರಡು ರೂಪಾಯಿ ಸ್ಟೀಲಿನದು, ಅಯಸ್ಕಾಂತಕ್ಕೆ ಜೋತುಬೀಳುತ್ತದೆ. ಅದಕ್ಕೂ ಹಿಂದಿನ ಹನ್ನೊಂದು ಮೂಲೆಯ ನಾಣ್ಯ ತಾಮ್ರ, ನಿಕಲ್ ಬೆರಕೆಯದು, ತಟ್ಟೆ ಬಿಟ್ಟು ಏಳುವುದಿಲ್ಲ. ಹೆಚ್ಚಿನ ಬೇಟೆ ಆ ಉಳಿದ ರಾಶಿಯಲ್ಲೇ. ತೊಂಬತ್ತರ ದಶಕದಲ್ಲಿ ಅದೇ ಹನ್ನೊಂದು ಮೂಲೆಯೊಳಗೆ ಯಾರುಯಾರನ್ನೋ ಕೂರಿಸಿದ್ದಾರೆ. 1996ರ ಸರ್ದಾರ್ ಪಟೇಲ್ ಸಿಕ್ಕರು, 1998ರ ಅರವಿಂದರು, ಚಿತ್ತರಂಜನ್ ದಾಸ್ ಸಿಕ್ಕರು. 1999ರ ಶಿವಾಜಿ ಬಂದ ದಿನ ಯಜಮಾನರೂ ತಟ್ಟೆಯ ಮುಂದೆ ಬಂದು ಕೂತರು. 1993ರ 'ಸಣ್ಣ ಕುಟುಂಬ ಸುಖೀ ಕುಟುಂಬ' ನಾಣ್ಯ ಸಿಕ್ಕಿದ್ದು ಮಾತ್ರ ಆರು ಮಕ್ಕಳ ತಾಯಿಯೊಬ್ಬರ ಸೊಂಟದ ಚೀಲದಿಂದ. ಅವರಿಗೆ ಅದನ್ನು ಹೇಳಲಿಲ್ಲ.

ಅಯಸ್ಕಾಂತಕ್ಕೆ ಅಂಟಿದ ರಾಶಿಯನ್ನು ಕಸ ಅಂದುಕೊಂಡಿದ್ದೆ. ಅದು ನನ್ನ ತಪ್ಪು. ಅದರಲ್ಲೂ ಕತೆಗಳಿವೆ. 2005, 2006ರ ದುಂಡು ನಾಣ್ಯದ ಮೇಲೆ ಒಂದನ್ನೊಂದು ಅಡ್ಡ ಹಾಯುವ ಗೆರೆಗಳು, ನಾಲ್ಕು ಚುಕ್ಕಿ. ಸರ್ಕಾರ ಅದನ್ನು ವಿವಿಧತೆಯಲ್ಲಿ ಏಕತೆ, ನಾಲ್ಕು ತಲೆ ಒಂದೇ ಮೈ ಅಂದಿತು. ಜನರಲ್ಲಿ ಕೆಲವರಿಗೆ ಕಂಡಿದ್ದು ಶಿಲುಬೆ. ದೊಡ್ಡ ಗಲಾಟೆಯಾಯಿತು. 2007ರಲ್ಲಿ ಗೆರೆ ಹೋಗಿ ನೃತ್ಯದ ಹಸ್ತಮುದ್ರೆ ಬಂತು: ಐವತ್ತು ಪೈಸೆಗೆ ಮುಷ್ಟಿ, ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ನಮ್ಮಲ್ಲಿ ಆ ಒಂದು ರೂಪಾಯಿಗೆ ಹೆಬ್ಬೆಟ್ಟಿನ ರೂಪಾಯಿ ಅಂತಲೇ ಹೆಸರು. ಎದುರಿಗೆ ತಾಲ್ಲೂಕು ಕಚೇರಿ ಇರುವಾಗ ಇನ್ನೇನು ಅಂದಾರು? 2011ರಿಂದ ರೂಪಾಯಿಯ ಹೊಸ ಚಿಹ್ನೆ, ಹೂಬಳ್ಳಿ. ಚೆನ್ನಾಗಿದೆ, ಆದರೆ ಅದರ ಬಗ್ಗೆ ಜಗಳವಾಡುವವರಿಲ್ಲ.

ಇಸವಿಯ ಕೆಳಗೆ ನೋಡುವುದನ್ನು ಕಲಿಸಿದ್ದು ಮಾವ. ಅವರ ಭೂತಗನ್ನಡಿ ಕೊಟ್ಟು, "ಅಲ್ಲೊಂದು ಚುಕ್ಕಿ ಇರತ್ತೆ ನೋಡು, ಅದು ಆ ನಾಣ್ಯದ ತವರುಮನೆ" ಅಂದರು. ನಕ್ಷತ್ರ ಇದ್ದರೆ ಅಚ್ಚಾದದ್ದು ಹೈದರಾಬಾದಿನ ಟಂಕಸಾಲೆಯಲ್ಲಿ. ವಜ್ರದ ಆಕಾರವಿದ್ದರೆ ಮುಂಬೈ. ದುಂಡನೆ ಚುಕ್ಕಿ ನೊಯ್ಡಾ. ಏನೂ ಇಲ್ಲದಿದ್ದರೆ ಕಲ್ಕತ್ತಾ. ನನ್ನ ತಟ್ಟೆಯಲ್ಲಿ ನಕ್ಷತ್ರ ಮತ್ತು ವಜ್ರದ್ದೇ ರಾಜ್ಯ. ಒಂದು ಹಳೇ ರೂಪಾಯಿಯಲ್ಲಿ ಎಂ ಅಕ್ಷರ, ಅದರ ತಲೆಯ ಮೇಲೊಂದು ಪುಟ್ಟ ಸೊನ್ನೆ ಕಂಡಿತು. ಅಚ್ಚಿನ ದೋಷವಿರಬೇಕು ಅಂತ ಹಿಗ್ಗಿದೆ. ಅದು ಮೆಕ್ಸಿಕೋದ ಟಂಕಸಾಲೆಯ ಗುರುತು! ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಟಂಕಸಾಲೆಗಳು ಅಚ್ಚು ಹಾಕಿದ್ದು ಸಾಲದೆ ಮೆಕ್ಸಿಕೋ, ಮಾಸ್ಕೋದಂಥ ಕಡೆಗಳಿಂದಲೂ ಹೊಡೆಸಿ ತರಿಸಿದ್ದರು. ಸಮುದ್ರ ದಾಟಿ ಬಂದದ್ದನ್ನು ಯಾರೋ ಪಹಣಿ ಜೆರಾಕ್ಸಿಗೆ ಕೊಟ್ಟು ಹೋಗಿದ್ದರು.

ಭೂತಗನ್ನಡಿ ಹಿಡಿದು ಕಣ್ಣು ಸೋತಾಗ ನಮ್ಮ ಮಷಿನ್ ನೆನಪಾಯಿತು. ಗಾಜಿಗೆ ಗೀರು ಬೀಳದ ಹಾಗೆ ಒಂದು ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಸಿ, ಮೇಲೆ ನಾಣ್ಯಗಳನ್ನು ಮಗುಚಿಟ್ಟು, ಮುಚ್ಚಳದ ಬದಲು ಬಿಳಿ ಬಟ್ಟೆ ಹೊದಿಸಿ ಇಮ್ಮಡಿ ಗಾತ್ರಕ್ಕೆ ಕಾಪಿ ತೆಗೆದೆ. ಹೊಳಪಿನ ನಾಣ್ಯ ಕಪ್ಪಗೆ ಮೆತ್ತಿಕೊಳ್ಳುತ್ತದೆ, ಬಳಸಿ ಮಂಕಾದದ್ದು ಸೊಗಸಾಗಿ ಬರುತ್ತದೆ. ಹಾಗೆ ತೆಗೆದ ಹಾಳೆಗಳಿಗೆ ದಾರ ಹೊಲಿದು ಪುಸ್ತಕ ಮಾಡಿದ್ದೇನೆ. ಪಕ್ಕದಲ್ಲಿ ಯಾವ ದಿನ ಸಿಕ್ಕಿತು, ಯಾರ ಕೈಯಿಂದ ಬಂತು ಅಂತ ಪೆನ್ಸಿಲಿನಲ್ಲಿ ಬರೆಯುತ್ತೇನೆ. ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜುವ ಮಕ್ಕಳ ಆಟವೂ ಸರಿಯೇ, ಆದರೆ ಇಸವಿಯ ಕೆಳಗಿನ ಗುರುತು ಅದರಲ್ಲಿ ಮೂಡುವುದಿಲ್ಲ.

ಗಲ್ಲಾಪೆಟ್ಟಿಗೆಯಿಂದ ಎತ್ತುವುದಕ್ಕೂ ಒಂದು ಕಟ್ಟಳೆ ಇದೆ. ಅದು ಬಂದದ್ದು ಬಸವಣ್ಣನವರ ನಾಣ್ಯದಿಂದ. 2006ರಲ್ಲಿ ಬಸವೇಶ್ವರರ ಐದು ರೂಪಾಯಿ ಹೊರಟಿತ್ತು. ಒಂದು ಸೋಮವಾರ ಅದು ನಮ್ಮ ಪೆಟ್ಟಿಗೆಗೆ ಬಂತು. ಮಾವ ಕಣ್ಣಿಗೊತ್ತಿಕೊಂಡರು. ನಾನು ದೇವರ ಮನೆಗೆ ಒಯ್ಯಲು ಎದ್ದರೆ, "ನಿಲ್ಲಮ್ಮ" ಅಂತ ತಡೆದು, ತಮ್ಮ ಜೇಬಿನಿಂದ ಐದು ರೂಪಾಯಿ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿ, ಆಮೇಲೆ ಅದನ್ನು ಎತ್ತಿಕೊಂಡರು. "ಅಂಗಡಿಯ ದುಡ್ಡು ಅಂಗಡಿಗೆ. ನಿನ್ನ ಚಪಲ ನಿನ್ನ ದುಡ್ಡಲ್ಲಿ." ಅವತ್ತಿನಿಂದ ಎತ್ತುವ ಮೊದಲು ನಾನೂ ಅಷ್ಟೇ ಬೆಲೆಯದನ್ನು ಹಾಕುತ್ತೇನೆ.

ಮಾವನ ಹಳೇ ಡಬ್ಬಿಯಲ್ಲಿ ಕಮಲದ ಇಪ್ಪತ್ತು ಪೈಸೆ ಒಂದಿತ್ತು, 1970ರದು, ಹಿತ್ತಾಳೆ ಬಣ್ಣದ್ದು. ಕಪ್ಪಗಾಗಿದೆ, ತೊಳೆದು ಕೊಟ್ಟರೆ ಖುಷಿಪಡುತ್ತಾರೆ ಅಂತ ಹಬ್ಬದ ಹಿಂದಿನ ದಿನ ದೀಪದ ಕಂಬಗಳ ಜೊತೆಗೇ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಜೊತೆಗೆ ಕಮಲದ ಎಸಳಿನ ಗೆರೆಗಳೂ ಸವೆದು ಹೋದವು. ಮಾವ ಬೈಯಲಿಲ್ಲ. "ಐವತ್ತು ವರ್ಷದ ಕೈಬೆವರು ತೊಳೆದುಬಿಟ್ಟೆಯಲ್ಲಮ್ಮ" ಅಂದರು. ಬೈದಿದ್ದರೇ ವಾಸಿಯಿತ್ತು. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್ ಯಾವುದೂ ಬೇಡ. ಒಣ ಬಟ್ಟೆಯಲ್ಲೂ ಉಜ್ಜಬೇಡಿ.

ಹತ್ತು ರೂಪಾಯಿ ನಾಣ್ಯದ ಪ್ರಸಂಗ ಹೇಳದಿದ್ದರೆ ಅಂಗಡಿಯವಳ ಬರಹ ಆಗುವುದಿಲ್ಲ. ನಮ್ಮ ಕಡೆ ಒಂದಷ್ಟು ಕಾಲ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಗೆರೆ ಇದ್ದರೆ ನಕಲಿ ಅಂತ ಸುದ್ದಿ. ನಾನೂ ನಂಬಿ ಇಬ್ಬರನ್ನು ವಾಪಸ್ ಕಳಿಸಿದ್ದೆ, ಅದರಲ್ಲಿ ಒಬ್ಬರು ವಯಸ್ಸಾದವರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಇದುವರೆಗೆ ಹೊರಟ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ಪ್ರಕಟಣೆ ಕೊಟ್ಟಿತು. ಗೆರೆಯ ವ್ಯತ್ಯಾಸ ರೂಪಾಯಿ ಚಿಹ್ನೆ ಬರುವುದಕ್ಕೆ ಮುಂಚಿನ ಮತ್ತು ನಂತರದ ಅಚ್ಚಿನದು, ಅಷ್ಟೇ. ನಾಚಿಕೆಯಾಗಿ ಅಂಗಡಿಯ ಮುಂದೆ "ಇಲ್ಲಿ ಹತ್ತು ರೂಪಾಯಿ ನಾಣ್ಯ ತೆಗೆದುಕೊಳ್ಳುತ್ತೇವೆ" ಅಂತ ಹಾಳೆ ಅಂಟಿಸಿದೆ. ಆಮೇಲೆ ಏನಾಯಿತು ಅಂತೀರಿ? ಇಡೀ ಊರಿನ ಹತ್ತು ರೂಪಾಯಿ ನನ್ನ ಪೆಟ್ಟಿಗೆಗೇ ಬಂದು ಬಿತ್ತು! ಒಬ್ಬರು ಎರಡು ಹಾಳೆ ಜೆರಾಕ್ಸಿಗೆ ಹತ್ತು ಕೊಟ್ಟು ಆರು ರೂಪಾಯಿ ಚಿಲ್ಲರೆ ಒಯ್ದರು, ಅವರ ಹಿಂದೆ ಅವರ ತಮ್ಮ, ತಮ್ಮನ ಹಿಂದೆ ಪಕ್ಕದ ಟೀ ಅಂಗಡಿಯವನು. ನಾನು ಕಾಗದ ತರುವ ಸಗಟು ವ್ಯಾಪಾರಿ ಮಾತ್ರ ಮುಟ್ಟಲೊಲ್ಲ. ತಿಂಗಳುಗಟ್ಟಲೆ ಆ ಭಾರ ಹೊತ್ತೆ. ಲಾಭ ಆದದ್ದು ಪುಸ್ತಕಕ್ಕೆ: 2012ರ ವೈಷ್ಣೋದೇವಿ, ಸಂಸತ್ತಿನ ಅರವತ್ತು ವರ್ಷ, 2015ರ ಅಂಬೇಡ್ಕರ್, ಯೋಗ ದಿನ. ಹದಿನಾಲ್ಕರಲ್ಲಿ ಒಂಬತ್ತು ಕೂಡಿದವು.

ವೈಷ್ಣೋದೇವಿಯಿಂದಲೇ ಇನ್ನೊಂದು ಪೀಕಲಾಟ. ನಾದಿನಿಯ ಮಗ ಅದರ ಫೋಟೋ ಮೊಬೈಲಿನಲ್ಲಿ ಎಲ್ಲೆಲ್ಲೋ ಹಾಕಿದ್ದ. ಎರಡೇ ದಿನಕ್ಕೆ ಫೋನು. ಲಕ್ಷಗಟ್ಟಲೆ ಕೊಡುತ್ತಾರಂತೆ, ಮೊದಲು ಸಾವಿರದೈನೂರು ರಿಜಿಸ್ಟ್ರೇಷನ್ ಕಟ್ಟಬೇಕಂತೆ. ಹುಡುಗ ಕಟ್ಟಲು ಕೂತಿದ್ದ. ನಾನು ಗಲ್ಲಾಪೆಟ್ಟಿಗೆಯಿಂದ ಅದೇ ನಾಣ್ಯ ಇನ್ನೂ ನಾಲ್ಕು ತೆಗೆದು ಅವನ ಮುಂದಿಟ್ಟೆ. "ಲಕ್ಷ ಬಾಳುವುದಾದರೆ ನಿನ್ನ ಅತ್ತೆ ಇವತ್ತು ಐದು ಲಕ್ಷದ ಯಜಮಾನಿ" ಅಂದೆ. ಫೋನು ಇಟ್ಟ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು. ಚಲಾವಣೆಯಲ್ಲಿ ಸವೆದ ಹತ್ತು ರೂಪಾಯಿಗೆ ಹತ್ತೇ ರೂಪಾಯಿ. ನನಗೆ ಅದರಲ್ಲಿ ಬೇಸರವೇನಿಲ್ಲ.

ಈಗ ಕ್ಯೂಆರ್ ಕೋಡು ಬಂದು ಪೆಟ್ಟಿಗೆ ಹಗುರವಾಗಿದೆ. ಎರಡು ರೂಪಾಯಿಗೂ ಫೋನು ತೆಗೆಯುತ್ತಾರೆ. ಆದರೂ ನಾಣ್ಯ ತಪ್ಪದೆ ತರುವವರೊಬ್ಬರಿದ್ದಾರೆ. ರೈಲಿನಲ್ಲಿ ಊದಿನಕಡ್ಡಿ ಮಾರುವವರು, ಹುಟ್ಟಿನಿಂದ ಕಣ್ಣು ಕಾಣದು. ವಾರಕ್ಕೊಮ್ಮೆ ಬಂದು ಚಿಲ್ಲರೆ ಕೊಟ್ಟು ನೋಟು ಒಯ್ಯುತ್ತಾರೆ. ನಾನು ಕಣ್ಣರಳಿಸಿಕೊಂಡು ವರ್ಷಗಟ್ಟಲೆ ನೋಡದೇ ಹೋದದ್ದನ್ನು ಅವರ ಬೆರಳು ಎಂದೋ ನೋಡಿಬಿಟ್ಟಿದೆ. ಹನ್ನೊಂದು ಮೂಲೆಯದನ್ನು ಚೀಲದೊಳಗೇ ಗುರುತಿಸುತ್ತಾರೆ. "ಆ ದುಂಡು ಸ್ಟೀಲ್ ಬಂದಾಗಿಂದ ನಮಗೆ ಮೋಸ ಅಕ್ಕ, ಒಂದೂ ಎರಡೂ ಒಂದೇ ಥರ" ಅಂತ ಬಹಳ ದಿನ ಗೊಣಗಿದರು. 2019ರಲ್ಲಿ ಹೊರಡಿಸಿದ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಯನ್ನು ಮೊದಲ ಸಲ ಅವರ ಕೈಗಿಟ್ಟಾಗ ಅಂಚನ್ನು ಎರಡು ಸುತ್ತು ಸವರಿ, "ಹಾಂ, ಇದು ಮರ್ಯಾದಸ್ಥ ನಾಣ್ಯ" ಅಂದರು.

ಹೋದ ತಿಂಗಳು ಅವರೇ ತಂದ ಚಿಲ್ಲರೆಯಲ್ಲಿ 2009ರ ಲೂಯಿ ಬ್ರೈಲ್ ಎರಡು ರೂಪಾಯಿ ಇತ್ತು. ನಾನು ಎಷ್ಟೋ ವರ್ಷದಿಂದ ಹುಡುಕುತ್ತಿದ್ದದ್ದು. ಎರಡು ರೂಪಾಯಿ ಕೊಟ್ಟು ಎತ್ತಿಕೊಳ್ಳಬಹುದಿತ್ತು, ಕಟ್ಟಳೆಯ ಪ್ರಕಾರ ತಪ್ಪೇನಿರಲಿಲ್ಲ. ಮನಸ್ಸು ಒಪ್ಪಲಿಲ್ಲ.

"ಅಣ್ಣ, ಇದರಲ್ಲಿ ಯಾರಿದ್ದಾರೆ ಗೊತ್ತಾ? ನೀವು ಓದೋ ಚುಕ್ಕಿ ಅಕ್ಷರ ಕಂಡುಹಿಡಿದವರು."

"ಬ್ರೈಲ್ ಸಾಹೇಬ್ರಾ?" ಹೆಗಲ ಚೀಲ ಕೆಳಗಿಟ್ಟು ಕೈ ಚಾಚಿದರು. ಹೆಬ್ಬೆರಳಿನಿಂದ ನಿಧಾನವಾಗಿ ಸವರಿದರು, ತಿರುಗಿಸಿ ಮತ್ತೆ ಸವರಿದರು. ಹಿಂದೆ ಇಬ್ಬರು ಪಹಣಿ ಹಿಡಿದು ಕಾಯುತ್ತಿದ್ದರು.

"ಮೂಗು ಸಿಕ್ಕಿತು" ಅಂದರು ನಗುತ್ತಾ. ನಾಣ್ಯವನ್ನು ಅಂಗಿಯ ಮೇಲುಜೇಬಿಗೆ ಹಾಕಿ, ಉಳಿದದ್ದನ್ನು ಎಣಿಸಿಕೊಳ್ಳಲು ಹೇಳಿದರು. ಎರಡು ರೂಪಾಯಿ ಕಡಿಮೆ ಇಟ್ಟುಕೊಂಡು ನೋಟು ಕೊಟ್ಟೆ. ಪುಸ್ತಕದಲ್ಲಿ ಆ ಜಾಗ ಹಾಗೇ ಖಾಲಿ ಬಿಟ್ಟು, ಪಕ್ಕದಲ್ಲಿ ತಾರೀಖು ಮಾತ್ರ ಬರೆದಿದ್ದೇನೆ.