ಸಪ್ಲೈಯರ್‌ಗಳ ಮೇಲ್ಕೆಲಸ ಹಂಚುವುದು ಹೇಗೆ?

ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಎಂದರೆ ಇಡ್ಲಿ, ದೋಸೆ ತಂದಿಡುವುದಷ್ಟೇ ಅಲ್ಲ. ಸಕ್ಕರೆ ಡಬ್ಬಿ ತುಂಬಬೇಕು, ಟಿಶ್ಯೂ ಇಡಬೇಕು, ಚಮಚ ಒರೆಸಿ ಜೋಡಿಸಬೇಕು, ಕೈ ತೊಳೆಯುವಲ್ಲಿ ಸೋಪು ಇದೆಯಾ ನೋಡಬೇಕು. ಈ ಮೇಲ್ಕೆಲಸಗಳಲ್ಲಿ ಯಾವುದನ್ನು ಯಾರು ಮಾಡಬೇಕು ಅಂತ ಬಹಳ ಕಡೆ ಯಾರೂ ಹೇಳಿರುವುದೇ ಇಲ್ಲ. ಕೊನೆಗೆ ಎಲ್ಲವೂ ಹೊಸದಾಗಿ ಸೇರಿದ ಹುಡುಗನ ತಲೆಗೆ ಬರುತ್ತದೆ. ಅವನು ಬೇರೆ ಹೋಟೆಲ್ ಹುಡುಕಿಕೊಳ್ಳುತ್ತಾನೆ. 12 ಟೇಬಲ್, ನಾಲ್ವರು ಸಪ್ಲೈಯರ್ ಇರುವ ಒಂದು ಉಡುಪಿ ಹೋಟೆಲ್ ಇದೆ ಎಂದುಕೊಂಡು ನೋಡೋಣ.

ಮೊದಲು ಪಟ್ಟಿ. ಕ್ಯಾಶ್ ಕೌಂಟರ್‌ನಲ್ಲಿ ಕೂತು ನೆನಪಿನಿಂದ ಬರೆಯಬೇಡಿ. ಒಂದಿಡೀ ದಿನ ಹಾಲ್‌ನಲ್ಲೇ ಓಡಾಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯಿರಿ. ಆಮೇಲೆ ಮೂರು ಪಾಲು ಮಾಡಿ: ಬಾಗಿಲು ತೆರೆಯುವ ಮುಂಚಿನದು, ತಿಂಡಿ ಮತ್ತು ಊಟದ ರಶ್ ನಡುವಿನದು, ಬಾಗಿಲು ಹಾಕುವಾಗಿನದು. ನಡುವಿನ ಪಾಲು ಚಿಕ್ಕದಾಗಿರಲಿ. ಹುಡುಗರು ಊಟ ಮಾಡುವುದೂ ಆಗಲೇ ಅಲ್ವಾ?

ಎರಡನೆಯದು ಹಂಚಿಕೆ. ಒಬ್ಬೊಬ್ಬರಿಗೆ ಮೂರು ಟೇಬಲ್, ಜೊತೆಗೆ ಎಲ್ಲರಿಗೂ ಸೇರಿದ ಒಂದು ಜಾಗ: ಕೈ ತೊಳೆಯುವ ಜಾಗ, ನೀರಿನ ಜಗ್ಗು ಮತ್ತು ಲೋಟ, ಚಮಚ-ತಟ್ಟೆ ಸ್ಟ್ಯಾಂಡ್, ಪಾರ್ಸೆಲ್ ಕೌಂಟರ್. ಪ್ರತಿ ಸೋಮವಾರ ಜಾಗ ಬದಲಾಗಲಿ. ಕೈ ತೊಳೆಯುವ ಜಾಗ ಯಾರಿಗೂ ಇಷ್ಟವಿಲ್ಲ. ಸರದಿ ಇಲ್ಲದಿದ್ದರೆ ಅದು ಒಬ್ಬನಿಗೇ ಅಂಟಿಕೊಳ್ಳುತ್ತದೆ. ಟಾಯ್ಲೆಟ್ ಮಾತ್ರ ಈ ಸರದಿಗೆ ಬೇಡ. ಅದಕ್ಕೆ ಬಡಿಸದವರೇ ಬೇಕು, ಅವರ ಪೊರಕೆ-ಬಟ್ಟೆಯೂ ಬೇರೆಯೇ ಇರಬೇಕು.

'ಟೇಬಲ್ ರೆಡಿ ಮಾಡು' ಎಂದರೆ ಒಬ್ಬೊಬ್ಬನಿಗೆ ಒಂದೊಂದು ಅರ್ಥ. ಸರಿಯಾಗಿ ಜೋಡಿಸಿದ ಟೇಬಲ್ಲಿನ, ಸ್ಟ್ಯಾಂಡಿನ ಫೋಟೊ ತೆಗೆದು, ಲ್ಯಾಮಿನೇಟ್ ಮಾಡಿ ಅಲ್ಲಲ್ಲೇ ಅಂಟಿಸಿ. ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ ಈಗ ಒಡಿಶಾ, ಅಸ್ಸಾಂ ಕಡೆಯ ಹುಡುಗರಿದ್ದಾರೆ. ಗೋಡೆಯ ಮೇಲಿನ ಕನ್ನಡ ಪಟ್ಟಿ ಅವರಿಗೆ ಸುಮ್ನೆ ಅಲಂಕಾರ.

ಇನ್ನು ಮಾಡುವ ರೀತಿ. ಎಡವಟ್ಟಾಗುವುದು ಜಾಸ್ತಿ ಇಲ್ಲೇ. ಸಕ್ಕರೆ ಡಬ್ಬಿ ಅರ್ಧವಾದಾಗ ಮೇಲಿಂದ ಸುರಿದರೆ ತಳದ ಹಳೆ ಸಕ್ಕರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ, ಇರುವೆಯೂ ಬರುತ್ತದೆ. ಡಬ್ಬಿ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸಿ ತುಂಬಬೇಕು. ಟೊಮೆಟೊ ಸಾಸ್ ಬಾಟಲಿಗೂ ಇದೇ ಮಾತು. ಎರಡು ಅರ್ಧ ಬಾಟಲಿ ಸೇರಿಸಿ ಒಂದು ಮಾಡುವ ಉಳಿತಾಯ ಬೇಡ. ಉಪ್ಪಿನಕಾಯಿಗೆ ಒಣ ಚಮಚ. ತಣ್ಣಗಾದ ಸಾಂಬಾರಿನ ಬಕೆಟ್‌ಗೆ ಬಿಸಿ ಸಾಂಬಾರ್ ಸುರಿಯಲೇಬಾರದು. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಹಾಗೇ ಕೂತರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಬೇರೆ ಬಕೆಟ್ ತನ್ನಿ. ಉಳಿದ ಕಾಯಿ ಚಟ್ನಿಯನ್ನು ಹೊಸ ಚಟ್ನಿಗೆ ಬೆರೆಸಬೇಡಿ.

ಒರೆಸುವ ಬಟ್ಟೆಯದು ಇನ್ನೊಂದು ಕಥೆ. ಬೆಳಗ್ಗೆ ಒದ್ದೆ ಮಾಡಿದ ಬಟ್ಟೆಯಲ್ಲೇ ರಾತ್ರಿವರೆಗೆ ಟೇಬಲ್ ಒರೆಸಿದರೆ ಮೂಗಿಗೇ ಗೊತ್ತಾಗುತ್ತದೆ. ಟೇಬಲ್ಲಿಗೆ ಒಂದು ಬಣ್ಣ, ಕುರ್ಚಿಗೆ ಇನ್ನೊಂದು, ನೆಲಕ್ಕೆ ಮತ್ತೊಂದು ಇಡಿ. ಟೇಬಲ್ ಬಟ್ಟೆಯನ್ನು ಪ್ರತಿ ರಶ್ ಆದ ಮೇಲೆ ಬದಲಿಸಿ, ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೆನು ಕಾರ್ಡ್ ಮರೆಯಬೇಡಿ. ಎಲ್ಲರ ಕೈಗೂ ಹೋಗುವುದು ಅದು. ಟೇಬಲ್ ಅಂಚಿನ ಅಡಿಭಾಗವನ್ನು ಒಮ್ಮೆ ಕೈಯಲ್ಲಿ ಸವರಿ ನೋಡಿ, ಆಮೇಲೆ ನೀವೇ ಪಟ್ಟಿಗೆ ಸೇರಿಸುತ್ತೀರಿ.

ತಪಾಸಣೆ ಒಬ್ಬರದೇ ಕೆಲಸವಾಗಲಿ. ಕ್ಯಾಪ್ಟನ್ (ಸಪ್ಲೈಯರ್‌ಗಳ ಮೇಲ್ವಿಚಾರಕ) ಅಥವಾ ಮ್ಯಾನೇಜರ್ ಒಂದು ಸುತ್ತು ಬಂದು ಟಿಕ್ ಹಾಕಬೇಕು, ಅದೂ ಸಪ್ಲೈಯರ್ ಮನೆಗೆ ಹೊರಡಲು ಬಟ್ಟೆ ಬದಲಿಸುವ ಮುಂಚೆ. ಮನೆಗೆ ಹೊರಟವನನ್ನು ವಾಪಸ್ ಕರೆದರೆ ಜಗಳವೇ ಗತಿ.

ಮಾಲೀಕರಿಗೆ ಹಿಡಿಸದ ಒಂದು ಮಾತೂ ಇದೆ. ಈ ಕೆಲಸಗಳೆಲ್ಲ ಡ್ಯೂಟಿ ಅವಧಿಯೊಳಗೇ ಬರಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಗೊತ್ತುಪಡಿಸಿದ್ದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದು ಮೀರಿದರೆ ದುಪ್ಪಟ್ಟು ಕೂಲಿ. ಬಾಗಿಲು ಹಾಕಿದ ಮೇಲೆ ಮುಕ್ಕಾಲು ಗಂಟೆ ಕ್ಲೀನಿಂಗ್ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದೇ ಶಿಫ್ಟ್ ಹಾಕಿ.

ಒಬ್ಬ ರಜಾ ಹಾಕಿದ ದಿನ ಏನು? ಅವನ ಜಾಗವನ್ನು ಪೂರ್ತಿಯಾಗಿ ಇನ್ನೊಬ್ಬನಿಗೆ ಹೊರಿಸಬೇಡಿ. ಟೇಬಲ್ ಮೂವರಿಗೂ ಒಂದೊಂದು, ಸೋಪು-ನೀರು ಕ್ಯಾಪ್ಟನ್‌ಗೆ. ಪಾರ್ಸೆಲ್ ಕೌಂಟರ್ ಕ್ಯಾಶಿಯರ್ ನೋಡಿಕೊಳ್ಳಲಿ. ಈ ಏರ್ಪಾಟನ್ನೂ ಅದೇ ಪಟ್ಟಿಯ ಕೆಳಗೆ ಮೊದಲೇ ಬರೆದಿಡಿ.