ಕಾವೇರಿ ಮೇಲೆ ಪಿಎಚ್‌ಡಿ: ಹೆಲ್ಸಿಂಕಿಯಿಂದ ವಿ.ಸಿ. ನಾಲೆವರೆಗೆ

ಮಂಡ್ಯದವಳು ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತೇನೆ ಅಂದರೆ ಮುಂದಿನ ಪ್ರಶ್ನೆ ‘ಕಾವೇರಿನಾ?’ ಅಂತಲೇ. ಹೌದು, ಕಾವೇರಿಯೇ. ಆದರೆ ಕಾವೇರಿ ವಿವಾದ ಅಂತ ಬರೆದುಕೊಂಡು ಹೋದರೆ ಅದು ಬರೀ ವಿಷಯ. ಅದರೊಳಗೆ ನನ್ನದೇ ಒಂದು ಪ್ರಶ್ನೆ ಬೇಕಿತ್ತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕೋರ್ಸ್ ವರ್ಕ್ ಮಾಡುವಾಗ ಹೆಚ್ಚಿನ ಹೊತ್ತು ಹೋಗಿದ್ದು ಅದನ್ನು ಹುಡುಕುವುದಕ್ಕೇ.

ಮೊದಲು ಓದಿದ್ದು ಮೈಸೂರು ಮತ್ತು ಮದ್ರಾಸ್ ನಡುವಿನ 1892 ಮತ್ತು 1924ರ ಒಪ್ಪಂದಗಳು. ಬ್ರಿಟಿಷರು ಬಲವಂತವಾಗಿ ಹೇರಿದ್ದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. 1924ರ ಒಪ್ಪಂದ ಐವತ್ತು ವರ್ಷಕ್ಕೆ, ಅಂದರೆ 1974ಕ್ಕೆ ಮುಗಿಯಿತು ಎಂದೂ ಹೇಳಿತು. ಊರಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ, ಅದು ಬೇರೆ ಮಾತು.

ಆಮೇಲೆ ರಾಜ್ಯಗಳ ನಡುವೆ ಕಾವೇರಿ ನೀರು ಹಂಚಿದ ನ್ಯಾಯಮಂಡಳಿಯ 2007ರ ಐದು ಸಂಪುಟಗಳ ವರದಿ. ಅಲ್ಲಿ 1966ರ ಹೆಲ್ಸಿಂಕಿ ನಿಯಮಗಳು ಸಿಕ್ಕವು. ಅವು ದೇಶ ದೇಶಗಳ ನಡುವೆ ಹರಿಯುವ ನದಿಗಳಿಗಾಗಿ ಮಾಡಿದ್ದು. ಮೇಲಿನವರು ಕೆಳಗಿನವರು ಅನ್ನದೆ ಹಳೆಯ ಬಳಕೆ, ಹವಾಮಾನ, ಜನರ ಅಗತ್ಯ ಎಲ್ಲ ನೋಡಿ ಹಂಚಬೇಕು ಅನ್ನುತ್ತವೆ. ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲೇ: ದೇಶಗಳಿಗೆ ಮಾಡಿದ ಈ ತತ್ವ ರಾಜ್ಯಗಳಿಗೆ ಬಂತು, ಸರಿ. ನಾಲೆಯವರೆಗೂ ಇಳಿಯಿತಾ?

ಕ್ಷೇತ್ರಕಾರ್ಯ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಲ್ಲಿ. ‘ಕಾವೇರಿ ತೀರ್ಪಿನ ಬಗ್ಗೆ ಏನನ್ನಿಸುತ್ತೆ?’ ಅಂತ ಕೇಳಿದರೆ ನಮ್ಮ ಜನ ಟಿವಿ ಮೈಕಿಗೆ ಹೇಳಿದ ಹಾಗೇ ಹೇಳುತ್ತಾರೆ. ಸುಮ್ನೆ ಕೂತು ‘ಈ ಸಲ ಕಟ್ಟು ನೀರು ಸರಿಯಾಗಿ ಬಂತಾ, ತೂಬು ತೆಗೆಯೋರು ಯಾರು?’ ಅಂತ ಕೇಳಬೇಕು (ಕಟ್ಟು ನೀರು ಅಂದರೆ ಸರದಿ ಮೇಲೆ ನಾಲೆಗೆ ಬಿಡುವ ನೀರು). ಆಗ ನಿಜವಾದ ರಾಜಕೀಯ ಹೊರಗೆ ಬರುತ್ತೆ. ಮದ್ದೂರು ಕಡೆ ಕೊನೆ ಭಾಗದ ರೈತರೊಬ್ಬರು, ‘ನಾಲೆ ಮೇಲ್ಗಡೆಯೋರು ಕರ್ನಾಟಕ ಇದ್ದಂಗೆ, ನಾವು ತಮಿಳುನಾಡು ಕಣವ್ವ’ ಅಂದರು. ಅವರ ಆ ಮಾತಿಂದ ನನ್ನ ನಾಲ್ಕನೇ ಅಧ್ಯಾಯವೇ ಬದಲಾಯಿತು. ನ್ಯಾಯಮಂಡಳಿ ಸಾಮಾನ್ಯ ವರ್ಷದ 740 ಟಿಎಂಸಿ ಹಂಚಿ, ಮಳೆ ಕೈಕೊಟ್ಟರೆ ರಾಜ್ಯಗಳ ಪಾಲು ಅದೇ ಅನುಪಾತದಲ್ಲಿ ಇಳಿಯಬೇಕು ಅಂದಿತ್ತು. ನಾನು ಕಂಡ ನಾಲೆಗಳಲ್ಲಿ ಕೊರತೆ ಹಾಗೆ ಹಂಚಿಕೆಯಾಗಿರಲಿಲ್ಲ. ಮೇಲ್ಗಡೆ ಭತ್ತ ನಿಂತಿರುತ್ತದೆ, ಕೊನೆಯಲ್ಲಿ ಕಬ್ಬು ಒಣಗಿರುತ್ತದೆ.

ಇನ್ನು ಹಣದ ವಿಷಯ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಬರೆಯುವುದಾದರೆ ಅದರ ಜೆಆರ್‌ಎಫ್‌ಗೇ (ಕಿರಿಯ ಸಂಶೋಧನಾ ಫೆಲೋಶಿಪ್) ಗುರಿ ಇಡಿ, ಫೆಲೋಶಿಪ್ ಅದರಿಂದಲೇ ಬರೋದು. ರಾಜ್ಯದ ಪರೀಕ್ಷೆ ಕೆ-ಸೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಸಿಗುತ್ತೆ, ದುಡ್ಡಲ್ಲ. ವಿಷಯ ಗಟ್ಟಿ ಮಾಡುವ ಮುಂಚೆ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ ಶೋಧಗಂಗಾದಲ್ಲಿ ಹಳೆಯ ಪ್ರಬಂಧಗಳನ್ನು ತೆಗೆದು ನೋಡಿ. ಕಾವೇರಿ ಮೇಲೆ ಬರೆದವರು ನಾವೇ ಮೊದಲಲ್ಲ ಅಲ್ವಾ? ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರ ಒಳಗಿರಬೇಕು. ತೀರ್ಪಿನ ಸಾಲು ಎತ್ತಿಕೊಂಡಾಗ ಉದ್ಧರಣ ಚಿಹ್ನೆ ಹಾಕಿ, ಮೂಲ ಅಲ್ಲೇ ಬರೆದಿಡಿ. ಕೊನೆಗೆ ಕೂತು ಹುಡುಕುವುದು ದೊಡ್ಡ ತಲೆನೋವು.